ಕೆರೆಯೂ ನಮ್ಮ ಸಂಘದ ಉಳಿತಾಯವೇ

(ಚಳ್ಳಕೆರೆ, ಮೊಳಕಾಲ್ಮುರು ತಾಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ಸಂಘದ ಪುಸ್ತಕ ತೆರೆದರೆ ಸಾಲದ ಕಾರಣಗಳು ಕಾಣುತ್ತವೆ: ಹಸು, ಕುರಿ, ಶೇಂಗಾ ಬೀಜ, ಮಕ್ಕಳ ಓದು, ಬೋರ್‌ವೆಲ್. ಹಸು ತಂದರೆ ಹಾಲು ಮಾರಿ ಕಂತು ಕಟ್ಟಬಹುದು. ಬೋರು ಬತ್ತಿದರೆ ನೀರು ಹೋಗುತ್ತೆ, ಸಾಲ ಮಾತ್ರ ಉಳಿಯುತ್ತೆ. ಅದಕ್ಕೇ ಇವತ್ತು ನಾವು ಊರ ಕೆರೆಯ ಬಗ್ಗೆ ಮಾತಾಡೋಣ.

ನಮ್ಮ ಎರಡೂ ತಾಲೂಕು ಬಯಲುಸೀಮೆಯ ಒಣ ನೆಲ. ವರ್ಷದ ಮಳೆ ಸರಾಸರಿ 500 ಮಿ.ಮೀ. ಆಸುಪಾಸು. ಅದೂ ಕೆಲವೇ ದಿನಗಳಲ್ಲಿ ಸುರಿದು ಹರಿದುಹೋಗುತ್ತೆ. ಆ ನಾಲ್ಕು ದಿನದ ನೀರನ್ನು ಬೇಸಿಗೆವರೆಗೆ ಹಿಡಿದಿಡಲು ಹಿರಿಯರು ಕಂಡುಕೊಂಡ ದಾರಿಯೇ ಕೆರೆ. ಮೊಳಕಾಲ್ಮುರು ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಅಂದರೆ 2,200 ವರ್ಷಗಳ ಹಿಂದೆಯೇ ಇಲ್ಲಿ ಜನ ಬಾಳುತ್ತಿದ್ದರು. ಅವರಿಗೆ ಬೋರ್‌ವೆಲ್ ಇರಲಿಲ್ಲ ಅಲ್ವಾ?

ಕೆರೆಯಲ್ಲಿ ನಿಂತ ನೀರು ನಿಧಾನಕ್ಕೆ ನೆಲಕ್ಕಿಳಿದು ಸುತ್ತಲಿನ ಬಾವಿಗಳಿಗೆ ಬರುತ್ತೆ. ಕೆರೆ ಒಣಗಿದರೆ ಬೋರು ಇನ್ನೂ ಆಳಕ್ಕೆ ಹೋಗಬೇಕು. ಆಳದ ಬಂಡೆಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳು ನಮ್ಮಲ್ಲಿವೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಲೆಗಟ್ಟುತ್ತೆ. ಇನ್ನೂ ಹೆಚ್ಚಾದರೆ ಮೂಳೆ, ಕೀಲು ಹಿಡಿಯುತ್ತೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೆನಪಿರಲಿ.

2022ರ ಸೆಪ್ಟೆಂಬರಿನಲ್ಲಿ ನಮ್ಮ ಜಿಲ್ಲೆಯ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಅಂಥ ಮಳೆ ಹೇಳಿ ಕೇಳಿ ಬರುವುದಿಲ್ಲ. ಬಂದ ದಿನ ನಮ್ಮೂರ ಕೆರೆಯಲ್ಲಿ ಜಾಗ ಇರಬೇಕು. ಆದರೆ ಅಂಗಳದ ತುಂಬ ಹೂಳು, ಅದರ ಮೇಲೆ ಬಳ್ಳಾರಿ ಜಾಲಿ. ನೀರು ಬರುವ ಹಳ್ಳ ಒತ್ತುವರಿಯಾಗಿದ್ದರೆ ನೀರು ಎಲ್ಲಿ ನಿಲ್ಲಬೇಕು?

ಒಂದು ಲೆಕ್ಕ ಹೇಳುತ್ತೇವೆ. ಒಂದು ಎಕರೆಯಲ್ಲಿ ಒಂದಡಿ ಹೂಳು ತೆಗೆದರೆ 12 ಲಕ್ಷ ಲೀಟರಿಗೂ ಹೆಚ್ಚು ನೀರಿಗೆ ಜಾಗವಾಗುತ್ತೆ. 15 ಲೀಟರಿನ ಕೊಡದಲ್ಲಿ 80,000 ಕೊಡ! ಬೋರಿನ ಸಾಲದಿಂದ ಒಂದು ಮನೆಗೆ ನೀರು ಬಂದರೂ ಬರಬಹುದು, ಬರದೆಯೂ ಇರಬಹುದು. ಕೆರೆ ತುಂಬಿದರೆ ಹೊಲ ಇಲ್ಲದವಳ ಕುರಿಗೂ ನೀರು ಸಿಗುತ್ತೆ.

2002ರಲ್ಲಿ ಶುರುವಾದ ಜಲಸಂವರ್ಧನೆ ಯೋಜನೆಯಲ್ಲಿ ನಮ್ಮ ಜಿಲ್ಲೆಯಲ್ಲೂ ಕೆರೆ ಬಳಕೆದಾರರ ಸಂಘಗಳಾದವು. ಯೋಜನೆಗೆ ಕೊನೆ ಇರುತ್ತೆ, ಹೂಳು ಮಾತ್ರ ಪ್ರತಿ ಮಳೆಗೂ ಬರುತ್ತೆ. ವಾರವಾರ ಸೇರುವವರು ಊರಲ್ಲಿ ನಾವೇ. ಹಾಗಾಗಿ ಮೂರು ಕೆಲಸ ಮಾಡೋಣ.

ಒಂದು, ಎಲ್ಲರೂ ಸೇರಿ ಏರಿ, ತೂಬು, ಕೋಡಿ, ನೀರು ಬರುವ ಹಳ್ಳ ನಡೆದು ನೋಡೋಣ. ಕಂಡದ್ದನ್ನು ಸಂಘದ ಪುಸ್ತಕದಲ್ಲಿ ಬರೆಯೋಣ.

ಎರಡು, ಗ್ರಾಮಸಭೆಯಲ್ಲಿ ಕೆರೆಯ ಅಳತೆ ಮತ್ತು ಹೂಳೆತ್ತುವ ಕೆಲಸ ಕೇಳೋಣ. ಅರ್ಜಿ ಬರಹದಲ್ಲಿರಲಿ, ಸ್ವೀಕೃತಿ ಪಡೆಯಿರಿ. ಕೂಲಿ ಕೆಲಸ ನಮ್ಮ ಹೆಣ್ಣುಮಕ್ಕಳಿಗೂ ಸಿಗಲಿ ಎಂದು ಗಟ್ಟಿಯಾಗಿ ಹೇಳಿ.

ಮೂರು, ತೆಗೆದ ಹೂಳು ಹೊಲಗಳಿಗೆ ಹೋಗಲಿ. ಮರಳು ಭೂಮಿಗೆ ಅದು ಒಳ್ಳೆಯದು, ತೇವ ಹಿಡಿಯುತ್ತೆ. ಏರಿಯ ಬುಡದಲ್ಲಿ ಮಾತ್ರ ಅಗೆಯಲು ಬಿಡಬೇಡಿ, ಏರಿ ಸಡಿಲವಾಗುತ್ತೆ.

ಒತ್ತುವರಿ ಮಾಡಿದವರು ನಮ್ಮ ಸದಸ್ಯೆಯ ಮನೆಯವರೇ ಇರಬಹುದು. ಆಗ ಮಾತು ಕಷ್ಟ. ಕಂತು ತಪ್ಪಿಸಿದವಳ ಹತ್ತಿರ ನಾವು ಹೇಗೆ ಮಾತಾಡುತ್ತೇವೆ? ಜಗಳವಾಡದೆ, ಬಿಟ್ಟೂ ಕೊಡದೆ. ಇಲ್ಲೂ ಹಾಗೇ. ಒಬ್ಬಳನ್ನೇ ಮುಂದೆ ಕಳಿಸಬೇಡಿ, ಇಡೀ ಸಂಘ ಹೋಗಲಿ.

ಹನಿ ಹನಿ ಗೂಡಿದರೆ ಹಳ್ಳ ಅಂತ ಉಳಿತಾಯದ ಪಾಠ ಕಲಿತವರು ನಾವು. ಆ ಹಳ್ಳ ಬಂದು ನಿಲ್ಲಬೇಕಾದ್ದು ಕೆರೆಯಲ್ಲೇ. ಮುಂದಿನ ವಾರದ ಸಭೆ ಕೆರೆ ಏರಿ ಮೇಲೆ ಮಾಡೋಣ, ಏನಂತೀರಿ?