ಹಳೆಯ ಫೈಲು ಜೊತೆಯಲ್ಲಿರಲಿ
(ಮಹಿಳಾ ವಿಭಾಗದ ಆರೋಗ್ಯ ಕಾರ್ಯಕ್ರಮದಲ್ಲಿ ಆಡಿದ ಮಾತುಗಳು)

ನಾನು ವೈದ್ಯೆಯಲ್ಲ. ಅಕ್ಕನ ಆರೈಕೆ ಮಾಡುತ್ತಾ ತಿಳಿದುಕೊಂಡದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಅಕ್ಕನ ಅಂಗಾಲಿನಲ್ಲಿ ಬೆಳೆದ ಕಪ್ಪು ಮಚ್ಚೆಯನ್ನು ಪರೀಕ್ಷಿಸಿದಾಗ ಅದು ಮೆಲನೋಮಾ ಎಂದು ತಿಳಿಯಿತು. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಅದು. ನಮ್ಮಂಥ ಕಂದು ಮೈಬಣ್ಣದವರಲ್ಲಿ ಅಪರೂಪ. ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನಡಿ. ಗಾಯಕ ಬಾಬ್ ಮಾರ್ಲಿಗೆ ಕಾಲ್ಬೆರಳಿನ ಉಗುರಿನಡಿ ಶುರುವಾದದ್ದು ಮೈಗೆಲ್ಲ ಹರಡಿತು. 1981ರಲ್ಲಿ, 36ನೇ ವಯಸ್ಸಿಗೇ ತೀರಿಕೊಂಡರು.

ಅಕ್ಕನಿಗೆ ಆಪರೇಷನ್ ಆಯಿತು. ನಾಲ್ಕು ವರ್ಷ ಚೆನ್ನಾಗಿದ್ದಳು. ಆಮೇಲೆ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು. "ಹೆಂಗಸರಿಗೆ ರಕ್ತ ಕಡಿಮೆ ಇರೋದು ಮಾಮೂಲು" ಎಂದು ಒಬ್ಬ ವೈದ್ಯರು ಕಬ್ಬಿಣದ ಮಾತ್ರೆ ಬರೆದರು. ಆದರೆ ಅವಳಿಗೆ ಮುಟ್ಟು ನಿಂತು ಎಂಟು ವರ್ಷವಾಗಿತ್ತು. ಹಾಗಾದರೆ ರಕ್ತ ಎಲ್ಲಿಗೆ ಹೋಗುತ್ತಿದೆ? ಮಲ ಕಪ್ಪಾಗಿದ್ದರೂ ಮಾತ್ರೆಯಿಂದಲೇ ಇರಬೇಕು ಅನ್ನಿಸುತ್ತಿತ್ತು. ಕಬ್ಬಿಣದ ಮಾತ್ರೆ ಹಾಗೆ ಮಾಡುವುದೂ ನಿಜ.

ಇನ್ನೊಬ್ಬ ವೈದ್ಯರು ಹಳೆಯ ಫೈಲು ತರಿಸಿ ಓದಿದರು. ಬಾಯಿಯಿಂದ, ಗುದದ್ವಾರದಿಂದ ಕೊಳವೆ ಹಾಕಿ ನೋಡಿದಾಗ ಏನೂ ಕಾಣಲಿಲ್ಲ. ಸಣ್ಣ ಕರುಳಿನ ಹೆಚ್ಚಿನ ಭಾಗಕ್ಕೆ ಆ ಕೊಳವೆಗಳು ತಲುಪುವುದಿಲ್ಲ. ಜೀರ್ಣಾಂಗಗಳಿಗೆ ಹರಡುವ ಮೆಲನೋಮಾ ಹೆಚ್ಚಾಗಿ ಕೂರುವುದು ಅಲ್ಲೇ. ಸ್ಕ್ಯಾನಿನಲ್ಲಿ ಗಡ್ಡೆ ಸಿಕ್ಕಿತು.

ಆ ಭಾಗದ ಕರುಳನ್ನು ತೆಗೆದು ಜೋಡಿಸಿದರು. ಈಗ ಇಮ್ಯುನೋಥೆರಪಿ ನಡೆಯುತ್ತಿದೆ. ದೇಹದ ರೋಗನಿರೋಧಕ ಶಕ್ತಿಯೇ ಕ್ಯಾನ್ಸರ್ ಮೇಲೆ ಬೀಳುವಂತೆ ಮಾಡುವ ಚಿಕಿತ್ಸೆ ಇದು. ಇದಕ್ಕೆ ದಾರಿ ತೋರಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಖರ್ಚು ಬಹಳ, ಎಲ್ಲರಿಗೂ ಫಲಿಸುವುದಿಲ್ಲ. ಕೆಲವರಿಗೆ ಔಷಧಿಯಿಂದಲೇ ಕರುಳು ಉರಿಯೂತಗೊಂಡು ಭೇದಿಯಾಗುತ್ತದೆ. ಆಗ ಮಜ್ಜಿಗೆ ಕುಡಿದು ಕಾಯಬಾರದು, ಅಂದೇ ವೈದ್ಯರಿಗೆ ತಿಳಿಸಬೇಕು. ಮುಂದೇನೋ ಗೊತ್ತಿಲ್ಲ; ಸದ್ಯ ಅಕ್ಕ ತನ್ನ ಅಡುಗೆ ತಾನೇ ಮಾಡಿಕೊಳ್ಳುವಷ್ಟು ಇದ್ದಾಳೆ.

ನನ್ನ ಕೋರಿಕೆ ಇಷ್ಟೆ. ಒಮ್ಮೆ ಮೆಲನೋಮಾ ಆಗಿದ್ದರೆ, ಎಷ್ಟೇ ವರ್ಷ ಕಳೆದಿರಲಿ, ಹೊಟ್ಟೆನೋವಿಗೆ ಹೋದರೂ, ಸುಸ್ತಿಗೆ ಹೋದರೂ ಅದನ್ನು ಮೊದಲು ಹೇಳಿ. ನಾವು ಊರು ಬಿಟ್ಟು ಊರಿಗೆ ಬಂದವರು, ವರ್ಗವಾದಂತೆ ವೈದ್ಯರೂ ಬದಲಾಗುತ್ತಾರೆ. ಅವರಿಗೆ ನಮ್ಮ ಹಿಂದಿನ ಕತೆ ಗೊತ್ತಿರುವುದಿಲ್ಲ. ರಕ್ತ ಕಡಿಮೆ ಎಂದರೆ ಮಾತ್ರೆಯ ಜೊತೆಗೆ ಕಾರಣವನ್ನೂ ಕೇಳಿ. ಮನೆಯವರ ಆರೋಗ್ಯಕ್ಕೆ ಪಡುವಷ್ಟೇ ಕಾಳಜಿ ನಿಮ್ಮದರ ಬಗ್ಗೆಯೂ ಇರಲಿ.