ಮಾಲೀಕರು ಬದಲಾದಾಗ

ನೀಲಗಿರಿಯ ಕಟ್ಟಬೆಟ್ಟಿನಂಥ ಚಹಾ ತೋಟದ ಊರುಗಳಿಂದ ಊಟಿ, ಕೊಯಮತ್ತೂರಿಗೆ ಹೋಗಿ ಬರ್ಗರ್ ಅಂಗಡಿಯಲ್ಲಿ ದುಡಿಯುವ ಹುಡುಗರಿಗೆ ಅಂಗಡಿ ಕೈಬದಲಾಯಿತೆಂದರೆ ಎದೆ ಢವಢವ. ಹೊಸ ಧಣಿ ಹಳಬರನ್ನು ಇಟ್ಟುಕೊಳ್ಳುತ್ತಾನೋ ಇಲ್ಲವೋ!

ಈ ಭಯ ಹೊಸದಲ್ಲ. 1950ರ ದಶಕದಲ್ಲಿ ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ನೌಕರರು ಬೀದಿಗೆ ಬಿದ್ದರು. ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆನ್ನಿಗೆ ನಿಂತರು. 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ಕಾಫಿ ಕಾರ್ಮಿಕರ ಸಹಕಾರ ಸಂಘ ಹುಟ್ಟಿತು. ಲೋಟ ಹೊತ್ತವರೇ ಒಡೆಯರಾದರು. ಬಿಳಿ ಸಮವಸ್ತ್ರ, ಅಗಲ ಸೊಂಟಪಟ್ಟಿ, ಬೀಸಣಿಗೆಯಂತೆ ಬಿಚ್ಚಿಕೊಂಡ ಪೇಟ ಅವರ ಗುರುತಾಯಿತು.

ಎಲ್ಲರಿಗೂ ಸಂಘ ಕಟ್ಟಲಾಗದು, ನಿಜ. ಆದರೆ ಕಾನೂನಿದೆ: ಉದ್ಯಮ ಕೈಬದಲಾಗಿ, ಒಂದು ವರ್ಷ ಸತತ ದುಡಿದ ಕಾರ್ಮಿಕನ ಕೆಲಸ ಹೋದರೆ, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳದ ಪರಿಹಾರ ಸಿಗಬೇಕು. ಸಂಬಳದ ಚೀಟಿಗಳನ್ನು ಜೋಪಾನವಾಗಿಡಿ.