ಪರದೇಶದಲ್ಲಿ ಸೇವಾಶಿಕ್ಷಣ
(ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಎಚ್‌ಐವಿ ಸೋಂಕಿನೊಡನೆ ಬಾಳುವ ಎಳೆಯರಿಗೆ ನೆರವಾಗುತ್ತ ಕೆಲಸ ಕಲಿಯಲೆಂದು ಕೆಲವು ತರುಣರು ಪರದೇಶಗಳಿಗೆ ತೆರಳುತ್ತಾರೆ. ಅವರು ಅಲ್ಲಿ ಮಾಡಬಹುದಾದುದೇನು? ಜಿಂಬಾಬ್ವೆಯ ನಿದರ್ಶನವೊಂದನ್ನು ತಮ್ಮ ಮುಂದಿಡುತ್ತೇನೆ.

2004ರಲ್ಲಿ ಹರಾರೆ ನಗರದಲ್ಲಿ ‘ಜ್ವಂಡಿರಿ’ ಎಂಬ ಕಾರ್ಯವು ಮೊದಲಾಯಿತು. ಶೋನಾ ಭಾಷೆಯಲ್ಲಿ ಇದಕ್ಕೆ ‘ನಾನಿರುವಂತೆಯೇ’ ಎಂದರ್ಥ. ಅಲ್ಲಿ ಸೋಂಕಿತ ಮಕ್ಕಳಿಗೆ ಧೈರ್ಯ ಹೇಳುವವರು ಅದೇ ಸೋಂಕಿರುವ, ತರಬೇತಿ ಹೊಂದಿದ, 18ರಿಂದ 24ರ ವಯಸ್ಸಿನ ತರುಣ ತರುಣಿಯರು. ಅವರು ಮನೆಗಳಿಗೆ ಹೋಗಿ ಔಷಧ ತಪ್ಪದಂತೆ ನೋಡಿಕೊಳ್ಳುತ್ತಾರೆ, ಕುಗ್ಗಿದವರ ಮಾತನ್ನು ಆಲಿಸುತ್ತಾರೆ. ಈ ನೆರವು ದೊರೆತ ಹದಿಹರೆಯದವರಲ್ಲಿ ವೈರಾಣು ಹೆಚ್ಚು ಹತೋಟಿಗೆ ಬಂದುದನ್ನು, 16 ಚಿಕಿತ್ಸಾಲಯಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು.

ಹೊರಗಿನಿಂದ ಹೋದವನು ಕೆಲವು ತಿಂಗಳಲ್ಲಿ ಮರಳುತ್ತಾನೆ. ಈ ತರುಣರು ಅಲ್ಲಿಯೇ ಇರುತ್ತಾರೆ. ಆದುದರಿಂದ ಅವನು ಅವರ ಕೈಕೆಳಗೆ ಕಲಿಯಬೇಕು, ಹೇಳಿದ ಕೆಲಸವನ್ನು ಶ್ರದ್ಧೆಯಿಂದ ಮಾಡಬೇಕು. ಯಾವ ಮಗುವಿನ ಹೆಸರನ್ನೂ ಭಾವಚಿತ್ರವನ್ನೂ ಬಯಲಿಗೆ ತರಬಾರದು. ಗುಟ್ಟು ರಟ್ಟಾದರೆ ಆ ಮಗುವು ಚಿಕಿತ್ಸೆಯಿಂದಲೇ ದೂರವಾದೀತು.

ಪೋಷಕರೇ, ಈ ಸೋಂಕು ಮುಟ್ಟುವುದರಿಂದಾಗಲಿ, ಒಡನೆ ಉಣ್ಣುವುದರಿಂದಾಗಲಿ, ಒಂದೇ ಬೆಂಚಿನಲ್ಲಿ ಕುಳಿತುಕೊಳ್ಳುವುದರಿಂದಾಗಲಿ ಹರಡುವುದಿಲ್ಲ. ಸಕಾಲದಲ್ಲಿ ಔಷಧ ಆರಂಭಿಸಿ, ನಿತ್ಯವೂ ಸೇವಿಸುವವರು ಓದಿ, ದುಡಿದು, ದೀರ್ಘಕಾಲ ಬಾಳಬಲ್ಲರು. ಇಂಥ ಮಕ್ಕಳು ನಮ್ಮ ನಾಡಿನಲ್ಲಿಯೂ ಇದ್ದಾರೆ. ಅವರನ್ನು ಇರುವಂತೆಯೇ ಒಪ್ಪಿಕೊಳ್ಳುವ ಪಾಠವು ನಮ್ಮ ಮನೆಗಳಲ್ಲಿಯೇ ಆರಂಭವಾಗಲೆಂದು ಹಾರೈಸಿ ವಿರಮಿಸುತ್ತೇನೆ.